ಖಾಲಿ ಇಟ್ಟ ಪಾತ್ರ

“ಇನ್ನೊಂದು ಹೆಜ್ಜೆ ಎಡಕ್ಕೆ. ಸಾಕು. ಈಗ ಮುಖ ಎತ್ತು.”

ಅವಳು ಮುಖ ಎತ್ತಿದಳು. ಏಣಿಯ ತುದಿಯಲ್ಲಿ ಕುಳಿತಿದ್ದವನು ದೀಪದ ಕತ್ತು ಹಿಡಿದು ಮೆಲ್ಲಗೆ ಬಾಗಿಸಿದ. ಬೆಚ್ಚಗಿನ ಹಳದಿ ಬೆಳಕು ಅವಳ ಹಣೆಯಿಂದ ಜಾರಿ ಕಣ್ಣುಗಳ ಮೇಲೆ ನಿಂತಿತು.

“ಕಣ್ಣಿಗೆ ಚುಚ್ಚುತ್ತೆ ಕಣೋ, ಏಣಿ.”

“ರಾಜಕುಮಾರಿಯರಿಗೆ ಚುಚ್ಚಲ್ಲ.”

“ನಾನು ರಾಜಕುಮಾರಿ ಅಲ್ವಲ್ಲ.”

ಅಲ್ಲ, ನಿಜ. ನಟರು ಮಾತು ಮರೆತಾಗ ರಂಗದ ಮಗ್ಗುಲಿನ ಕತ್ತಲಲ್ಲಿ ಕೂತು ಪಿಸುಗುಟ್ಟಿ ನೆನಪಿಸುವುದು ಅವಳ ಕೆಲಸ. ಅವಳು ಅವನನ್ನು ಏಣಿ ಎಂದು ಕರೆದರೆ, ಅವನು ಅವಳನ್ನು ಕರೆಯುತ್ತಿದ್ದದ್ದು ಪಿಸುಮಾತು ಎಂದು. ದೀಪ ಹೊಂದಿಸುವ ದಿನ ನಟರು ಬರುವುದಿಲ್ಲ. ಅವರ ಜಾಗದಲ್ಲಿ ಯಾರಾದರೂ ನಿಲ್ಲಬೇಕು. ವರ್ಷವರ್ಷವೂ ಅವಳೇ ನಿಲ್ಲುತ್ತಿದ್ದಳು. ನಾಟಕವೂ ವರ್ಷವರ್ಷ ಅದೇ: ಮಾಟಗಾತಿಯ ಶಾಪದಿಂದ ಮರದೊಳಗೆ ಸಿಕ್ಕಿಬಿದ್ದ ರಾಜಕುಮಾರಿಯ ಕಥೆ, ತುಂಬ ಹಾಡುಗಳು. ಇಬ್ಬರಿಗೂ ಅದೆಂದರೆ ಪ್ರಾಣ.

ಹೊತ್ತು ಹೋಗಲು ಅವರಿಗೊಂದು ಆಟವಿತ್ತು. ಗೊತ್ತಿರುವವರನ್ನೇ ಹಾಕಿಕೊಂಡು ಈ ನಾಟಕ ಮಾಡಿದರೆ ಯಾರಿಗೆ ಯಾವ ಪಾತ್ರ?

“ಮಾಟಗಾತಿ?” ಅವಳು ಕೇಳಿದಳು.

“ನಮ್ಮ ಸೋದರತ್ತೆ. ಮೇಕಪ್ಪೇ ಬೇಡ. ಊಟ ಆಯ್ತಾ ಅಂತ ಕೇಳಿದ್ರೂ ಶಾಪ ಹಾಕಿದ ಹಾಗಿರುತ್ತೆ.”

“ಪಾಪ, ಅವರಿಗೆ ಗೊತ್ತಾದ್ರೆ?”

“ಗೊತ್ತು. ಡ್ರೆಸ್ ಯಾವ ಬಣ್ಣ ಅಂತ ಕೇಳಿದ್ರು.”

“ರಾಜ ನಮ್ಮಪ್ಪ. ರಿಟೈರ್ ಆಗಿದಾರೆ, ಆದ್ರೂ ಮನೇಲಿ ಎಲ್ಲರಿಗೂ ರಜೆ ಮಂಜೂರು ಮಾಡ್ತಾ ಇರ್ತಾರೆ. ತೋಳ?”

“ಮ್ಯಾನೇಜರ್,” ಎಂದು ಇಬ್ಬರೂ ಒಟ್ಟಿಗೇ ಹೇಳಿ, ಬಾಗಿಲ ಕಡೆ ನೋಡಿ ನಕ್ಕರು.

“ರಾಜಕುಮಾರಿ?”

ಏಣಿ ಕಿರುಗುಟ್ಟಿತು. “ಅದು ಖಾಲಿ.”

“ಹೋದ ವರ್ಷವೂ ಖಾಲಿ ಇತ್ತು.”

“ಸರಿಯಾದವರು ಸಿಗಬೇಕಲ್ಲ. ಬಾವಿ ದೃಶ್ಯಕ್ಕೆ ಬಾ, ಬಲಕ್ಕೆ.”

ಅವಳು ಬಲಕ್ಕೆ ಹೋದಳು. ರಾಜಕುಮಾರಿ ನಿಲ್ಲುವಲ್ಲೆಲ್ಲ ನಿಂತವಳು, ಅವನ ಬಾಯಲ್ಲಿ ಮಾತ್ರ ರಾಜಕುಮಾರಿ ಆಗದವಳು. ಬೇರೆ ಊರಿನ ರೇಡಿಯೊ ನಿಲಯದಿಂದ ಅವಳಿಗೆ ಕೆಲಸಕ್ಕೆ ಕರೆ ಬಂದಿತ್ತು. ‘ಆ ನಾಟಕದಲ್ಲಿ ನಿನ್ನನ್ನ ಏನು ಕಟ್ಟಿ ಹಾಕಿದೆ ಹೇಳು’ ಎಂದು ಅಕ್ಕ ಬೆಳಿಗ್ಗೆಯಷ್ಟೇ ಕೇಳಿದ್ದಳು. ಹೇಳಲು ಅವಳ ಬಳಿ ಏನೂ ಇರಲಿಲ್ಲ. ಇದ್ದದ್ದು ಏಣಿಯ ಮೇಲಿತ್ತು.

“ನಾಳೆ ರಿಹರ್ಸಲ್ ಮುಗಿದ ಮೇಲೆ ರೇಡಿಯೊದವರಿಗೆ ಉತ್ತರ ಹೇಳ್ಬೇಕು,” ಎಂದಳು.

“ಏನಂತ?”

“ಬರ್ತೀನಿ ಅಂತ. ಬೇಡ ಅನ್ನೋಕೆ ಕಾರಣ ಏನಿದೆ?”

ಆಗಲೇ ಬಿಗಿಯಾಗಿದ್ದ ತಿರುಪನ್ನು ಅವನು ಮತ್ತೆ ಬಿಗಿದ. ಬಹಳ ಹೊತ್ತು ಬಿಗಿದ.

“ಒಳ್ಳೇ ಕೆಲಸ,” ಎಂದ.

ಮರುದಿನ ರಿಹರ್ಸಲ್. ಈ ವರ್ಷದ ನಾಯಕಿ ಅವಳಿಗಿಂತ ಒಂದು ತಲೆ ಎತ್ತರ. ಬದಲಿಯವರನ್ನು ನಿಲ್ಲಿಸಿ ದೀಪ ಹೊಂದಿಸಿದ ಮೇಲೆ ನಾಯಕಿಯ ಎತ್ತರಕ್ಕೆ ಅದನ್ನು ಏರಿಸಬೇಕು. ಈ ಕೆಲಸದಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ ಅದು. ಕಿಟಕಿಯ ದೃಶ್ಯದಲ್ಲಿ ನಾಯಕಿಯ ಕತ್ತು ಹೊಳೆಯಿತು, ಮುಖ ಕತ್ತಲಲ್ಲಿ ಉಳಿಯಿತು. ಬಾವಿಯ ಬಳಿಯೂ ಹಾಗೇ. ಮರ ಸೀಳಿಕೊಂಡು ಹೊರಬಂದು ಕೊನೆಯ ಹಾಡು ಎತ್ತಿಕೊಂಡಾಗಲೂ ಹಾಗೇ.

ನಾಯಕಿ ಹಾಡು ನಿಲ್ಲಿಸಿದಳು. “ಸರ್, ನಾನು ಹಾಡ್ತಿರೋದು ಗಂಟಲಿಂದಾನೇ, ಒಪ್ತೀನಿ. ಆದ್ರೆ ಜನ ಮುಖಾನೂ ನೋಡ್ಲಿ ಅಂತ ಆಸೆ.”

ಯಾರೋ ಕಿಸಕ್ಕೆಂದರು. ನಿರ್ದೇಶಕರು ಕೈ ಎತ್ತಿದರು. ಪಿಯಾನೊ ಸುಮ್ಮನಾಯಿತು.

“ಒಂದು ದೃಶ್ಯದಲ್ಲಿ ಆದ್ರೆ ಸರಿ. ಎಲ್ಲದರಲ್ಲೂ ಹೀಗೇನಾ? ಇದನ್ನ ಯಾರ ಅಳತೆಗೆ ಇಟ್ಟಿದ್ದೀಯಪ್ಪ?”

ಏಣಿಯ ತುದಿಯಲ್ಲಿ ಅವನ ಕೈ ದೀಪದ ಕತ್ತಿನ ಮೇಲೇ ಇತ್ತು. ನಾಯಕಿ ಪಕ್ಕಕ್ಕೆ ಸರಿದಳು. ಆ ಜಾಗದಲ್ಲಿ ಬೆಳಕೊಂದೇ ಉಳಿಯಿತು, ಯಾರಿಗೋ ಕಾಯುತ್ತಿರುವಂತೆ. ಮೊದಲು ನಾಯಕಿ, ಆಮೇಲೆ ಪಿಯಾನೊದವರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮಗ್ಗುಲಿನ ಕತ್ತಲ ಕಡೆ ತಿರುಗಿದರು.

ಕತ್ತಲಲ್ಲಿ ಅವಳ ಕಿವಿ ಬಿಸಿಯಾಯಿತು. ಯಾರ ಮಾತು ಯಾವಾಗ ತಪ್ಪುತ್ತದೆಂದು ಬಲ್ಲವಳು ಈಗ ಏನೂ ಅರಿಯದವಳಂತೆ ಕೂತಿದ್ದಳು.

ನಿರ್ದೇಶಕರು ವಯಸ್ಸಾದವರು, ಮನುಷ್ಯರನ್ನು ಕಂಡವರು. ದನಿ ತಗ್ಗಿಸಿದರು.

“ನೋಡು, ಕೈತಪ್ಪು ಎಲ್ಲರಿಗೂ ಆಗುತ್ತೆ. ಎತ್ತರ ಏರಿಸೋದು ಮರೆತೆ ಅಂತ ಹೇಳಿಬಿಡು. ಟೀಗೆ ಬಿಡ್ತೀನಿ, ಅಷ್ಟರಲ್ಲಿ ಸರಿ ಮಾಡ್ಕೊ. ಯಾರೂ ಮಾತಾಡಲ್ಲ.”

ಅವನು ಏಣಿಯಿಂದ ಇಳಿದ. ಕೈಗವಸು ಕಳಚಿದ. ನೋಡಿದ್ದು ನಿರ್ದೇಶಕರನ್ನಲ್ಲ, ಅವಳು ಕೂತಿದ್ದ ಕತ್ತಲನ್ನು.

“ಇಲ್ಲ ಸರ್,” ಎಂದ. “ಮರೆತಿಲ್ಲ.”