ಏಳು ಟ್ರಂಕು, ಎರಡು ಬಣ್ಣದ ಚೀಟಿ

"ನಿನ್ನ ಸಾಮಾನಿನಲ್ಲಿ ಒಂದು ದಾರದ ತುಂಡನ್ನೂ ಹೊರಗೆ ಹಾಕಲ್ಲಮ್ಮ... ನನ್ನಾಣೆ!"

ಹನ್ನೊಂದು ವರ್ಷಗಳ ಹಿಂದೆ, ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಪುಟ್ಟಿ ಅಮ್ಮನಿಗೆ ಕೊಟ್ಟ ಮಾತು ಅದು. ಅಮ್ಮ ಅದನ್ನು ಬೇಡಿರಲಿಲ್ಲ. ಆ ಹೊತ್ತಿನಲ್ಲಿ ಕೊಡಲು ಮಗಳ ಹತ್ತಿರ ಬೇರೇನೂ ಇರಲಿಲ್ಲ, ಅದಕ್ಕೇ ಮಾತು ಕೊಟ್ಟಳು.

ಊರವರ ಬಟ್ಟೆ ಹೊಲಿದು ಅವಳನ್ನು ಸಾಕಿದ್ದ ಅಮ್ಮ ಬಿಟ್ಟುಹೋದದ್ದು ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮಿಷನ್ನು, ಏಳು ಟ್ರಂಕು.

ಆ ಏಳರಲ್ಲಿ ಒಂದರ ಮೇಲೆ ಈಗ ಯಾವನೋ ಒಬ್ಬ ಕೈಯಿಟ್ಟಿದ್ದ!

"ಮುಟ್ಟಬೇಡಿ!"

ಪುಟ್ಟಿ ಕಿರುಚಿದ ರಭಸಕ್ಕೆ ಅವನು ಕೈಯನ್ನು ಬೆಂಕಿಯಿಂದ ಎಳೆದುಕೊಂಡಂತೆ ಎಳೆದುಕೊಂಡ. ಎತ್ತರದ ಆಳು. ಬಳೆ ತೊಟ್ಟಂತೆ ಮಣಿಕಟ್ಟಿಗೆ ಪ್ಯಾಕಿಂಗ್ ಟೇಪು ಸಿಕ್ಕಿಸಿಕೊಂಡಿದ್ದ.

"ಬಾಗಿಲು ತೆಗೆದಿತ್ತು ಮೇಡಂ... ದೊಡ್ಡಮ್ಮನವರು ಒಳಗೆ ಬಾ ಅಂದ್ರು. ಮನೆ ಸಾಗಿಸೋಕೆ ಬಂದವನು ನಾನು. ಮುಟ್ಟದೆ ಹೇಗೆ ಸಾಗಿಸಲಿ?"

ಹೌದಲ್ಲ! ಪುಟ್ಟಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದಾಗ ಇನ್ನಷ್ಟು ಜೋರು ಮಾಡುವುದು ಅವಳ ಜಾಯಮಾನ.

"ಕೇಳಿ ಮುಟ್ಟಿ! ಒಂದೊಂದನ್ನೂ ಕೇಳಿ ಮುಟ್ಟಿ!"

"ಸರಿ. ಹಾಗಾದರೆ ಮೊದಲು ಇದು..." ಅವನು ಟ್ರಂಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟ. "ಏನಿದೆ ಇದರಲ್ಲಿ? ಹೇಳಿ."

ಅಡುಗೆಮನೆಯಿಂದ ದೊಡ್ಡಮ್ಮ ಇಣುಕಿದರು. ಅಮ್ಮನ ಅಕ್ಕ ಅವರು. ಮೂವತ್ತನಾಲ್ಕು ವರ್ಷದ, ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷಿಸುವ ತಂಗಿಯ ಮಗಳನ್ನು ಇನ್ನೂ ಪುಟ್ಟಿ ಎಂದೇ ಕರೆಯುವವರು.

"ಹೇಳಪ್ಪಾ ಟೇಪುರಾಯ, ನೀನಾದರೂ ಹೇಳು ಇವಳಿಗೆ! ಕಟ್ಟಡ ಕೆಡವ್ತಾರೆ, ಶನಿವಾರಕ್ಕೆ ಖಾಲಿ ಮಾಡಬೇಕು. ಹೊಸ ಮನೆ ಎರಡೇ ಕೋಣೆ. ಈ ಟ್ರಂಕುಗಳು ಒಳಗೆ ಮಲಗಲಿ, ನಾವಿಬ್ಬರೂ ಮೆಟ್ಟಿಲ ಮೇಲೆ ಮಲಗ್ತೀವಿ!"

"ದೊಡ್ಡಮ್ಮಾ!"

ಅವನು ನಕ್ಕ. ಕಣ್ಣಿನ ಅಂಚುಗಳೆಲ್ಲ ಸುಕ್ಕುಗಟ್ಟುವ ನಗೆ. ಪುಟ್ಟಿ ಬೇಗನೆ ಬೇರೆಡೆ ನೋಡಿದಳು.

ಅಂದು ಮಂಗಳವಾರ.

ಆ ದಿನದಿಂದ ಬೆಳಿಗ್ಗೆ ಎಂಟಕ್ಕೆ ಅವನು ಹಾಜರ್. ಅವಳು ಅಂಗಡಿಗೆ ಹೊರಡುವವರೆಗೆ ಇಬ್ಬರೂ ಟ್ರಂಕುಗಳ ಮುಂದೆ. ಅವನು ಒಂದೊಂದೇ ವಸ್ತು ಎತ್ತುತ್ತಿದ್ದ, "ಇದು?" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು.

"ಅದು ನನ್ನ ಸ್ಕೂಲ್ ಯೂನಿಫಾರ್ಮು. ಐದು ಸಲ ಅಂಚು ಬಿಚ್ಚಿ ಉದ್ದ ಮಾಡಿದ್ದಾರೆ. ನೋಡಿ, ಐದು ಗೆರೆ!"

"ಐದು ವರ್ಷ ಒಂದೇ ಲಂಗ?"

"ಆರನೇ ವರ್ಷ ಅಂಚೇ ಮುಗಿದುಹೋಯ್ತು."

"ಈ ಗುಂಡಿಗಳ ಡಬ್ಬಿ?"

"ಹೊಲಿದ ಒಂದೊಂದು ಬಟ್ಟೆಯಿಂದ ಒಂದೊಂದು ಗುಂಡಿ ಇಟ್ಕೊಳ್ತಿದ್ರು. ಈ ದಪ್ಪದ್ದು ಪೋಸ್ಟ್‌ಮ್ಯಾನ್ ಕೋಟಿಂದು. ಅವನಿಗೆ ಹೊಟ್ಟೆ ಎಷ್ಟಿತ್ತು ಅಂದ್ರೆ ಗುಂಡಿ ಹಾರಿ ಅಮ್ಮನ ಹಣೆಗೇ ಬಡಿದಿತ್ತು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದು ವರ್ಷಗಳಲ್ಲಿ ಅಮ್ಮನ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು.

ಅವನು ಬಟ್ಟೆ ಮಡಿಸುವಾಗ ಅದರ ತೋಳುಗಳನ್ನು ಅದರ ಎದೆಯ ಮೇಲೇ ಜೋಡಿಸಿ, ಮಗುವನ್ನು ಮಲಗಿಸಿದಂತೆ ಇಡುತ್ತಿದ್ದ.

'ಇದೇನಿದು... ಸಾಮಾನು ಕಟ್ಟುವವನ ಕೈ ನೋಡ್ತಾ ಕೂತಿದ್ದೀನಲ್ಲ! ಬಸ್ಸು ಹೋಗಿಬಿಟ್ಟರೆ?'

ಬಸ್ಸು ಹೋಗಿಯೇಬಿಟ್ಟಿತ್ತು. ಎರಡು ದಿನ.

ಶುಕ್ರವಾರ ಕೊನೆಯ ಟ್ರಂಕು ಮುಚ್ಚುವಾಗ ಅವನು ಮೆಲ್ಲಗೆ ಕೇಳಿದ, "ಇಷ್ಟೆಲ್ಲ ಹೊತ್ತುಕೊಂಡು ಎಷ್ಟು ದಿನ ಅಂತ ಇರ್ತೀರಿ? ಬಿಟ್ಟುಬಿಟ್ಟರೆ ಹಗುರ ಆಗ್ತೀರಿ..."

ಅವಳು ಎದ್ದು ಹೋಗಿ ಎರಡು ಹಾಳೆ ಚೀಟಿ ತಂದಳು. "ನೋಡಿ, ಹಸಿರು ಚೀಟಿ ಅಂಟಿಸಿದ್ದು ಹೊಸ ಮನೆಗೆ. ಕೆಂಪು ಅಂಟಿಸಿದ್ದು ಹಂಚುವ ಶೆಡ್ಡಿಗೆ. ನಾಳೆ ಅಂಗಡಿಯಲ್ಲಿ ರಜೆ ಕೊಟ್ಟಿಲ್ಲ, ನಾನು ಮಧ್ಯಾಹ್ನ ನೇರವಾಗಿ ಹೊಸ ಮನೆಗೇ ಬರ್ತೀನಿ. ಗೊತ್ತಾಯ್ತಲ್ಲ?"

ಹಂಚುವ ಶೆಡ್ಡೆಂದರೆ, ಬೇಡದ ಸಾಮಾನು ತಂದುಕೊಟ್ಟರೆ ಬೇಕಾದವರಿಗೆ ಪುಕ್ಕಟೆ ಕೊಡುವ ಜಾಗ. ರಿಟೈರಾದ ಟೀಚರೊಬ್ಬರು ನೋಡಿಕೊಳ್ಳುತ್ತಿದ್ದರು.

ಅವನು ಚೀಟಿಗಳನ್ನೇ ಒಂದು ಗಳಿಗೆ ನೋಡಿದ. ಏನೋ ಹೇಳಲು ಬಾಯಿ ತೆರೆದ.

"...ಸರಿ ಮೇಡಂ."

ಮಿಷನ್ನಿಗೆ, ಏಳೂ ಟ್ರಂಕುಗಳಿಗೆ ಪುಟ್ಟಿ ಹಸಿರು ಅಂಟಿಸಿದಳು. ಮುರಿದ, ಒಡೆದ ನಾಲ್ಕು ಡಬ್ಬಗಳಷ್ಟು ಸಾಮಾನಿಗೆ ಕೆಂಪು.

ಶನಿವಾರ ಮಧ್ಯಾಹ್ನ ಹೊಸ ಮನೆಯ ಬಾಗಿಲು ತೆರೆದಾಗ ಅವಳಿಗೆ ಮೊದಲು ಕಂಡದ್ದು ನೆಲದ ಮೇಲಿನ ಬಿಸಿಲು. ಎಷ್ಟು ಜಾಗ! ಇಷ್ಟು ದೊಡ್ಡದಾಗಿತ್ತಾ ಈ ಮನೆ?

ಆಮೇಲೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕಣ್ಣಾಡಿಸಿದಳು.

ಟ್ರಂಕುಗಳೆಲ್ಲಿ?

ಮೂಲೆಯಲ್ಲಿದ್ದ ನಾಲ್ಕು ಡಬ್ಬಗಳಲ್ಲಿ ಒಂದನ್ನು ಸರಸರನೆ ಬಿಚ್ಚಿದಳು. ಮೂರು ಸುತ್ತು ಕಾಗದ. ಒಳಗೆ ಹಿಡಿ ಮುರಿದ ಬಾಣಲೆ! ಅದರ ಕೆಳಗೆ, ಹತ್ತಿಯ ಹಾಸಿಗೆಯ ಮೇಲೆ ರಾಜಕುಮಾರಿಯಂತೆ ಮಲಗಿದ್ದ ಬಿರುಕು ಬಿಟ್ಟ ಮಿಕ್ಸಿ ಜಾರು!

"ಬಂದ್ರಾ?" ಬಾಗಿಲಲ್ಲಿ ಅವನು. ಮುಖದಲ್ಲಿ ಹೆಮ್ಮೆ. "ಒಂದು ಚೂರೂ ಮುಕ್ಕಾಗಿಲ್ಲ, ನೋಡಿ!"

"ನಮ್ಮಮ್ಮನ ಟ್ರಂಕುಗಳೆಲ್ಲಿ?"

"ಬೆಳಿಗ್ಗೆಯೇ... ಶೆಡ್ಡಿಗೆ..."

ಪುಟ್ಟಿ ಕೈಲಿದ್ದ ಬಾಣಲೆಯನ್ನು ನೆಲಕ್ಕೆ ಕುಕ್ಕಿದಳು.

"ನಿನ್ನೆ ಬಿಟ್ಟುಬಿಡಿ ಅಂದ್ರಿ. ನಾನು ಬಿಡಲಿಲ್ಲ. ಅದಕ್ಕೆ ನೀವೇ ತೀರ್ಮಾನ ಮಾಡಿಬಿಟ್ರಾ? ಯಾರು ನೀವು? ನಾಲ್ಕು ದಿನ ಕಥೆ ಕೇಳಿದ ಮಾತ್ರಕ್ಕೆ... ಯಾರು ನೀವು ನನಗೆ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬಾಣಲೆ ನೋಡಿದ. ಅದರ ಡಬ್ಬದ ಮೇಲಿನ ಚೀಟಿ ನೋಡಿದ.

"ತಪ್ಪು ನನ್ನದು," ಎಂದಷ್ಟೇ ಹೇಳಿ ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಇಳಿದುಹೋದ.

'ನಂಬಿದೆನಲ್ಲ... ಅಮ್ಮನ ಕಥೆಯನ್ನೆಲ್ಲ ಇವನ ಮುಂದೆ ಸುರಿದೆನಲ್ಲ!'

"ಅಳೋದು ಆಮೇಲೆ," ಹಳೇ ಮನೆಯ ಬೀಗದ ಕೈ ಒಪ್ಪಿಸಿ ಆಗಷ್ಟೇ ಬಂದ ದೊಡ್ಡಮ್ಮ ಅವಳ ಬೆನ್ನು ತಟ್ಟಿದರು. "ಮೊದಲು ಶೆಡ್ಡಿಗೆ ಓಡು."

ಓಡಿದಳು. ಶೆಡ್ಡಿನ ಹೆಬ್ಬಾಗಿಲಲ್ಲಿ ಅವನ ದನಿ ಕೇಳಿ ನಿಂತಳು. ಬೇರೆ ಬೇರೆ ಮನೆಗಳಿಂದ ಬಂದ ಟ್ರಂಕುಗಳ ರಾಶಿಯ ನಡುವೆ ಅವನು ಟೀಚರಮ್ಮನ ಮುಂದೆ ಕೈ ಜೋಡಿಸುತ್ತಿದ್ದ.

"ಹಸಿರು ಚೀಟಿ ಇರೋದು ಯಾವ್ಯಾವುದು, ನೀವೇ ತೋರಿಸಿ ಟೀಚರ್. ನನಗೆ ಹಸಿರು, ಕೆಂಪು ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿನಿಂದ ಹಾಗೇ."

ಪುಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಬಣ್ಣ ಗೊತ್ತಾಗದ ಕಣ್ಣು! ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷಿಸುವವಳು, ನಾಲ್ಕು ದಿನ ಎದುರಿಗೇ ಕೂತಿದ್ದ ಕಣ್ಣನ್ನು... ನೋಡಿದ್ದಳು, ಬೇಕಾದಷ್ಟು ನೋಡಿದ್ದಳು. ಪರೀಕ್ಷೆ ಮಾಡುವುದು ಮಾತ್ರ ಮರೆತಿದ್ದಳು!

"ನನಗೆ ಯಾಕೆ ಹೇಳಲಿಲ್ಲ?"

ಅವನು ಬೆಚ್ಚಿ ತಿರುಗಿದ.

"ಬಣ್ಣ ಗೊತ್ತಿಲ್ಲ ಅಂದ್ರೆ ಯಾರು ಮನೆ ಒಪ್ಪಿಸ್ತಾರೆ? ಅದರಲ್ಲೂ ಕಣ್ಣಿನ ಕೆಲಸದವರ ಮುಂದೆ... ಅದರಲ್ಲೂ ನಿಮ್ಮ ಮುಂದೆ..." ಅವನು ತಲೆ ತಗ್ಗಿಸಿದ.

"ಹಾಗಂತ ಕಣ್ಣು ಮುಚ್ಚಿ ಯಾವುದೋ ರಾಶಿ ಎತ್ತಿಬಿಟ್ರಾ?"

"ಕಣ್ಣು ನಂಬಲಿಲ್ಲ, ಕಿವಿ ನಂಬಿದೆ. ಹದಿನೈದು ವರ್ಷದಿಂದ ನೋಡ್ತಿದ್ದೀನಿ. ಇಟ್ಟುಕೊಳ್ಳೋ ಸಾಮಾನಿಗೆ ಜನ 'ಹುಷಾರು' ಅಂತಾರೆ, ಅಷ್ಟೇ. ಬಿಟ್ಟುಕೊಡೋ ಸಾಮಾನಿಗೆ ಮಾತ್ರ ಕೂತು ಕಥೆ ಹೇಳ್ತಾರೆ. ನೀವು ನಾಲ್ಕು ದಿನ ಕಥೆ ಹೇಳಿದ್ರಿ. ನಗ್ತಾ ನಗ್ತಾ ಹೇಳಿದ್ರಿ. ಬಾಣಲೆಗೆ ಮಾತ್ರ 'ಹುಷಾರು' ಅಂದ್ರಿ."

"ಕೈ ಕುಯ್ಯುತ್ತೆ ಅಂತ ಹುಷಾರು ಅಂದೆ ಕಣ್ರೀ!"

"ನನಗೇನು ಗೊತ್ತು? ಮುರಿದ ಬಾಣಲೆ ಮೇಲೂ ಇಷ್ಟು ಪ್ರೀತಿ ಇಟ್ಟಿರೋ ಹೆಂಗಸು ಇದ್ದಾಳಲ್ಲ ಅಂತ... ಮೂರು ಸುತ್ತು ಕಾಗದ ಸುತ್ತಿದೆ!"

ಟೀಚರಮ್ಮ ಕೆಮ್ಮಿನಲ್ಲಿ ನಗು ನುಂಗಿದರು. ಪುಟ್ಟಿಗೆ ನುಂಗಲಾಗಲಿಲ್ಲ. ಅಳುತ್ತಲೇ ನಕ್ಕಳು.

"ಏಳೂ ಇವೆ," ಅವನು ಗಂಭೀರನಾದ. "ಮಿಷನ್ನೂ ಇದೆ. ಈಗಲೇ ಗಾಡಿಗೆ ಹಾಕ್ತೀನಿ."

"ಒಂದು ನಿಮಿಷ ಇರಿ."

ತೆರೆದಿದ್ದ ಒಂದು ಟ್ರಂಕಿನ ಮುಂದೆ, ಖಾಕಿ ತೊಟ್ಟ ಬಸ್ ಕಂಡಕ್ಟರ್ ಒಬ್ಬಳು ಅಮ್ಮ ಹೊಲಿದ ನೀಲಿ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಪುಟ್ಟಿಯ ಕಾಲು ತಾನಾಗಿಯೇ ಅತ್ತ ನಡೆಯಿತು.

"ನಿಮ್ಮದಾ ಅಕ್ಕಾ? ಬಿಚ್ಚಿಕೊಡ್ತೀನಿ," ಕಂಡಕ್ಟರ್ ಗಾಬರಿಯಾದಳು. "ಏನಿಲ್ಲ... ಬ್ಯಾಗ್ ಹೊತ್ತು ಹೊತ್ತು ನನ್ನ ಎಡಭುಜ ಒಂದಿಷ್ಟು ಮೇಲೆ. ಯಾವ ಕೋಟೂ ಸರಿಯಾಗಿ ಕೂರಲ್ಲ. ಇದು ನೋಡಿ, ಅಳತೆ ತೆಗೆದು ಹೊಲಿದ ಹಾಗಿದೆ!"

"ಎಡಭುಜ ಎತ್ತರ ಇದ್ದ ಒಬ್ಬರಿಗೇ ಹೊಲಿದದ್ದು ಅದು," ಪುಟ್ಟಿ ಕೋಟಿನ ಭುಜವನ್ನು ಬೆರಳಿನಿಂದ ಸವರಿದಳು. "ಅವರು ತಗೊಂಡು ಹೋಗೋಕೆ ಬರಲೇ ಇಲ್ಲ. ನಮ್ಮಮ್ಮ ಪ್ರತಿ ವಾರ ಧೂಳು ಕೊಡವಿ ಇಡೋರು. ಎರಡು ವರ್ಷ ಕಾದರು. ಹಾಕ್ಕೊಳ್ಳೋರಿಲ್ಲದ ಬಟ್ಟೆ ನೋಡೋಕಾಗಲ್ಲ ಕಣೇ ಪುಟ್ಟಿ, ಅನ್ನೋರು..."

ತನ್ನ ಮಾತು ತನ್ನ ಕಿವಿಗೇ ಬಿತ್ತು.

ಹಾಕಿಕೊಳ್ಳುವವರಿಲ್ಲದ ಬಟ್ಟೆ ನೋಡಲಾರದ ಅಮ್ಮನ ಬಟ್ಟೆಗಳನ್ನು, ಹನ್ನೊಂದು ವರ್ಷ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದಳು ಮಗಳು!

ಪುಟ್ಟಿ ಕೋಟಿನ ಕಾಲರನ್ನು ಒಮ್ಮೆ ಸರಿಪಡಿಸಿದಳು. "ಬಿಚ್ಚಬೇಡಿ. ಚೆನ್ನಾಗಿ ಕಾಣ್ತಿದೆ."

ಅಲ್ಲಿಂದ ಸಂಜೆಯವರೆಗೆ ಅವಳು ಶೆಡ್ಡಿನಲ್ಲೇ ಉಳಿದಳು. ಬಂದವರಿಗೆಲ್ಲ ಟ್ರಂಕು ತೆರೆದು ತೋರಿಸಿದಳು, ಒಂದೊಂದರ ಕಥೆ ಹೇಳಿದಳು, ಕೊಟ್ಟಳು. ಗುಂಡಿಗಳ ಡಬ್ಬಿ ನಾಟಕದ ಉಡುಪು ಹೊಲಿಯುವ ಒಬ್ಬಾಕೆಗೆ ಹೋಯಿತು. ಮಿಷನ್ನು ಹೊಲಿಗೆ ಕಲಿಯುತ್ತಿದ್ದ ಅಕ್ಕತಂಗಿಯರಿಗೆ ಹೋಯಿತು. ಅವನು ಪಕ್ಕದಲ್ಲಿ ನಿಂತು ಕಟ್ಟಿಕೊಡುತ್ತಿದ್ದ. ಪ್ರತಿ ಸಲವೂ ಅವಳ ಮುಖ ನೋಡುತ್ತಿದ್ದ, ಅವಳು ತಲೆಯಾಡಿಸಿದ ಮೇಲೆಯೇ ಗಂಟು ಹಾಕುತ್ತಿದ್ದ.

ಬರಿಗೈಯಲ್ಲಿ ಇಬ್ಬರೂ ಹೊಸ ಮನೆಯ ಮೆಟ್ಟಿಲು ಹತ್ತಿದರು. ಖಾಲಿ ಕೋಣೆಯಲ್ಲಿ ಮಾತು ಪ್ರತಿಧ್ವನಿಸುತ್ತಿತ್ತು.

"ಮಧ್ಯಾಹ್ನ ಆಡಿದ ಮಾತು..." ಪುಟ್ಟಿ ಶುರು ಮಾಡಿದಳು. "ಯಾರು ನೀವು ನನಗೆ ಅಂದುಬಿಟ್ಟೆ."

"ಉತ್ತರ ಹೇಳಲಾ?" ಅವನ ಕಿವಿ ಕೆಂಪಾಗಿತ್ತು. ಅವನಿಗೆ ಗೊತ್ತಾಗದಿದ್ದರೂ ಅವಳಿಗೆ ಕಾಣುತ್ತಿತ್ತು. "ನಿಮ್ಮ ಮನೆ ಎರಡು ದಿನದ ಕೆಲಸ. ನಾನು ನಾಲ್ಕು ದಿನ ಮಾಡಿದೆ. ಟ್ರಂಕುಗಳು ಹದಿನಾಲ್ಕಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂದ್ಕೊಂಡೆ. ಇವತ್ತಿಗೆ ಕೆಲಸ ಮುಗೀತು. ನಾಳೆ ಬರೋಕೆ ನನ್ನ ಹತ್ತಿರ ಒಂದು ನೆಪವೂ ಇಲ್ಲ. ಆದರೆ ನೀವು ಇಷ್ಟ ನನಗೆ. ತುಂಬಾ."

"ನನಗೆ ಮಂಗಳವಾರವೇ ಗೊತ್ತಾಗಿತ್ತು!" ಅಡುಗೆಮನೆಯಿಂದ ದೊಡ್ಡಮ್ಮನ ದನಿ. "ಒಂದು ಟ್ರಂಕು ಕಟ್ಟೋಕೆ ಮೂರು ಲೋಟ ಟೀ ಕುಡಿಯೋ ಕೆಲಸದವನನ್ನ ನಾನು ಎಲ್ಲೂ ಕಂಡಿಲ್ಲ!"

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವಳ ಕೈ ಅವನ ಕೈಯಲ್ಲೇ ಇತ್ತು. ಯಾವಾಗ ಹೋಯಿತೋ!

"ನೆಪ ಯಾಕೆ?" ಪುಟ್ಟಿ ಮೆಲ್ಲಗೆ ಹೇಳಿದಳು. "ನಾಳೆ ಸುಮ್ಮನೆ ಬನ್ನಿ. ನಾಡಿದ್ದೂ ಬನ್ನಿ."

"ಆಮೇಲೆ?"

"ಆಮೇಲೆ ಇಲ್ಲೇ ಇದ್ದುಬಿಡಿ. ಜಾಗ ಇದೆ."

ಅಮ್ಮನಿಗೆ ಕೊಟ್ಟಿದ್ದ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.