ನಿಂತ ಮಗ್ಗದ ಸಪ್ಪಳ

ವೈಶಾಲಿ ಲ್ಯಾಪ್‌ಟಾಪಿನ ವೈರು ಕಿತ್ತಳು. ಬಾಣ ನಿಲ್ಲಲಿಲ್ಲ.

ಮೌಸು ಅವಳ ಕೈಯಲ್ಲಿರಲಿಲ್ಲ. ಎರಡೂ ಕೈ ಎದೆಗೆ ಒತ್ತಿಕೊಂಡಿದ್ದವು. ಆದರೂ ಪರದೆಯ ಮೇಲಿನ ಆ ಬಿಳಿ ಬಾಣ ತನ್ನಷ್ಟಕ್ಕೆ ತಾನೇ ಓಡಾಡುತ್ತಿತ್ತು. ಒಂದು ಫೋಲ್ಡರ್ ತೆಗೆಯಿತು. ಮುಚ್ಚಿತು. ಇನ್ನೊಂದು ತೆಗೆಯಿತು. ಪರಿಚಯದ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕುವವರ ಹಾಗೆ, ಎಲ್ಲೂ ತಡವರಿಸದೆ. ಆಮೇಲೆ ಕ್ಯಾಮೆರಾದ ಪಕ್ಕ ಸಣ್ಣದೊಂದು ಹಸಿರು ದೀಪ ಹತ್ತಿತು.

ಅವಳು ಸೆರಗಿನಿಂದ ಕ್ಯಾಮೆರಾ ಮುಚ್ಚಿದಳು. ಅಷ್ಟಾದರೂ ಧೈರ್ಯ ಬರಲಿಲ್ಲ. ಮುಚ್ಚಳವನ್ನೇ ಹಾಕಿದಳು. ಅದರ ಮೇಲೆ ಅತ್ತೆ ಎಳೆದಿದ್ದ ವಿಭೂತಿಯ ಗೆರೆಗಳು ಇನ್ನೂ ಪೂರ್ತಿ ಮಾಸಿರಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಜೋಳದ ಡಬ್ಬಿಯೊಳಗೆ ಹೂತಳು.

"ಯಾಕವಾ, ಅದಕ್ಕೂ ಹಸಿವಾಗೇತೇನು?" ಅತ್ತೆ ಗುರುಬಸವ್ವ ಕೇಳಿದಳು.

"ಅತ್ತಿ, ಅದರೊಳಗ ಯಾರೋ ಅದಾರ ಬೇ."

ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮು ಖಟಾಖಟಿ ಬಡಿಯುತ್ತಿದ್ದವು. ಅತ್ತೆಗೆ ಕೇಳಿಸಲಿಲ್ಲ. ವೈಶಾಲಿ ಇನ್ನೊಮ್ಮೆ ಒದರಿ ಹೇಳಬೇಕೆನ್ನುವಷ್ಟರಲ್ಲಿ ಬಾಗಿಲಿಗೆ ಖಾಕಿ ಬಣ್ಣ ಅಡ್ಡ ಬಂತು. ಪಿಎಸ್ಐ ಸರಿತಾ. ಅವಳ ಹಿಂದೆ ಎದುರುಮನೆಯ ಸಾವಕ್ಕ. ಸಾವಕ್ಕ ವೈಶಾಲಿಯ ಮುಖ ನೋಡಲಿಲ್ಲ.

* * *

ವೈಶಾಲಿಯದು ಮನೆಯಿಂದಲೇ ಮಾಡುವ ನೌಕರಿ. ಕಂಪನಿ ಪುಣೆಯದು, ಶಾಖೆ ಮುಧೋಳದಲ್ಲಿ. ಮಹಾಲಿಂಗಪುರದ ಒಂದು ದವಾಖಾನೆಯ ಡಾಕ್ಟರರು ಹೇಳಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳುವುದು, ರಿಪೋರ್ಟು ಟೈಪು ಮಾಡುವುದು. ಊರಿನ ಯಾರ ಹೊಟ್ಟೆಯಲ್ಲಿ ಏನಿದೆ ಎನ್ನುವುದು ಅವಳ ಬೆರಳಿನ ಕೆಳಗೆ ಹಾದುಹೋಗುತ್ತಿತ್ತು. ಅವಳು ಗಂಡನಿಗೂ ಒಂದಕ್ಷರ ಹೇಳಿದವಳಲ್ಲ.

ನಿನ್ನೆ ಸಾವಕ್ಕನಿಗೆ ಫೋನು ಬಂದಿತ್ತು. ಯಾವನೋ ಅವಳ ಟಿ.ಬಿ. ರಿಪೋರ್ಟನ್ನು ಸಾಲುಸಾಲಾಗಿ ಓದಿ ಹೇಳಿದ್ದ. ಮುಂದಿನ ವಾರ ಮಗಳ ನಿಶ್ಚಿತಾರ್ಥ. ಕೇಳಿದಷ್ಟು ಕೊಡದಿದ್ದರೆ ಆ ಕಾಗದ ರನ್ನ ಬೆಳಗಲಿಯ ಬೀಗರ ಮನೆಗೆ ಹೋಗುತ್ತದೆ ಎಂದಿದ್ದ. ಸಾವಕ್ಕ ರೊಕ್ಕದ ಬದಲು ಚಪ್ಪಲಿ ಹುಡುಕಿಕೊಂಡು ನೇರ ಪೊಲೀಸು ಠಾಣೆಗೆ ನಡೆದಿದ್ದಳು.

"ಡಾಕ್ಟರಿಗೆ ಗೊತ್ತಿತ್ತು. ಬರೆದಾಕಿ ನಿನಗ ಗೊತ್ತಿತ್ತು," ಸಾವಕ್ಕ ಗೋಡೆಗೆ ಹೇಳಿದಳು. "ನಿನ್ನ ಬಾಣಂತನಕ್ಕ ನೀರು ಕಾಸಿದ ಕೈ ಇವು, ವೈಶಾಲಿ."

ವೈಶಾಲಿ ಬಾಗಿಲಾಚೆ ಓಣಿಯ ಕಡೆ ನೋಡಿದಳು. ನೌಕರಿ ಹೋದರೆ ಹೋಗಲಿ. ಜೈಲಿಗೆ ಹಾಕಿದರೂ ಒಂದು ದಿನ ಬಿಡುತ್ತಾರೆ. ಈ ಓಣಿಯಲ್ಲಿ ನಾಳೆಯಿಂದ ಯಾರ ಮನೆಯ ಹೊಸ್ತಿಲು ದಾಟುವುದು?

"ಲ್ಯಾಪ್‌ಟಾಪಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತೈತಿ?" ಸರಿತಾ ಕೇಳಿದಳು.

ಮಗ್ಗದ ಕಡೆಯಿಂದ ನೂಲಿನ ಎಳೆ ಝಾಡಿಸಿಕೊಳ್ಳುತ್ತ ಬಂದ ಯಲ್ಲಾಲಿಂಗ ಹೆಂಡತಿಯ ಪರವಾಗಿ ಹೇಳಿದ. "ಇಡೀ ಓಣಿಗೆ ಗೊತ್ತೈತ್ರೀ ಮೇಡಮ್ಮರ."

"ಅಂದ್ರ?"

ವೈಶಾಲಿ ತಲೆ ತಗ್ಗಿಸಿದಳು. ಬನಹಟ್ಟಿಯಲ್ಲಿ ಗುಟ್ಟನ್ನೂ ಒದರಿಯೇ ಹೇಳಬೇಕು, ಇಲ್ಲದಿದ್ದರೆ ಮಗ್ಗ ನುಂಗುತ್ತದೆ. ಎರಡು ತಿಂಗಳ ಹಿಂದೆ ಲ್ಯಾಪ್‌ಟಾಪು ಕೆಟ್ಟಾಗ ಮುಧೋಳ ಆಫೀಸಿನ ಯುವರಾಜ ಫೋನಿನಲ್ಲಿ ಪಾಸ್‌ವರ್ಡ್ ಕೇಳಿದ್ದ. ಅವನಿಗೆ ಕೇಳಿಸಲಿಲ್ಲ. ಅವಳು ಗಂಟಲು ಹರಿಯುವಂತೆ ಕೂಗಿದ್ದಳು. "ಗೌರಿ ರೀ! ನಮ್ಮ ಎಮ್ಮಿ ಗೌರಿ! ಮುಂದ ಒಂದು ಎರಡು ಮೂರು!" ನೇಕಾರರು ಇವತ್ತಿಗೂ ಎಮ್ಮೆ ಕಂಡರೆ ಪಾಸ್‌ವರ್ಡ್ ಬಂತು ಎನ್ನುತ್ತಾರೆ.

ಸರಿತಾ ನಗಲಿಲ್ಲ. "ನೀವು ಲ್ಯಾಪ್‌ಟಾಪ್ ಮುಟ್ಟತೀರೇನು?"

ಯಲ್ಲಾಲಿಂಗ ನೂಲಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡ. "ಒಮ್ಮೊಮ್ಮೆ ರೀ. ಆಕಿ ಮಲಗಿದಾಗ. ಸೀರಿ ದಡಿ ಡಿಜೈನ್ ನೋಡಾಕ."

ಅದು ವೈಶಾಲಿಗೆ ಗೊತ್ತಿರಲಿಲ್ಲ. ಗಂಡನ ಮುಖವನ್ನು ಅವಳು ಮೊದಲ ಸಲ ಪೊಲೀಸರ ಕಣ್ಣಿನಿಂದ ನೋಡಿದಳು. ಹಾಗೆ ನೋಡಿದ್ದಕ್ಕೇ ನಾಚಿ ಮುಖ ತಿರುಗಿಸಿದಳು.

* * *

ಸರಿತಾ ಕರೆಸಿದ್ದ ಯುವರಾಜ ಮಧ್ಯಾಹ್ನದೊಳಗೆ ಬಂದ. ಇಸ್ತ್ರಿಯ ಅಂಗಿ, ಹೆಗಲಿಗೆ ಕರಿ ಬ್ಯಾಗು.

"ನಮ್ಮ ಛಲೋ ಎಂಪ್ಲಾಯಿ ಮೇಡಂ ಇವರು. ಹೇಳಾಕ ಬ್ಯಾಸರಾಗತೈತಿ," ಎಂದ. "ಆದ್ರ ಮನಿಯಿಂದ ಕೆಲಸ ಅಂದ್ರ ಹಿಂಗಽ ನೋಡ್ರಿ. ಆಫೀಸಿಗೆ ವಾಚ್‌ಮನ್ ಇರತಾನ. ಮನಿಗೆ ಯಾರದಾರ?"

ಅವನ ದಾಖಲೆ ಚೊಕ್ಕವಾಗಿತ್ತು. ಇಪ್ಪತ್ಮೂರನೇ ತಾರೀಖು, ಬೆಳಿಗ್ಗೆ ಹನ್ನೊಂದು. ವೈಶಾಲಿಯ ಹೆಸರಿನಿಂದ, ಇದೇ ಲ್ಯಾಪ್‌ಟಾಪಿನಿಂದ ಸಾವಕ್ಕನ ಫೈಲು ತೆರೆದಿದೆ.

"ಗಂಡ ತೆಗೆದಿರಬಹುದಲ್ಲ?"

"ಇಲ್ರೀ. ಭದ್ರತೆಗೆ ಅಂತ ನಾವು ಆಗಾಗ ಮೈಕ್ ರೆಕಾರ್ಡ್ ಮಾಡತೇವಿ. ಅದು ಈ ಲ್ಯಾಪ್‌ಟಾಪಿನ್ಯಾಗಽ ಐತಿ." ಅವನು ಜೋಳದ ಕಾಳು ಕೊಡವಿ ಲ್ಯಾಪ್‌ಟಾಪು ತೆರೆದ. ಹುಡುಕಲಿಲ್ಲ. ನೇರ ಹೋಗಿ ಒತ್ತಿದ.

ಕೇಳಲೆಂದು ಯಲ್ಲಾಲಿಂಗ ಮಗ್ಗ ನಿಲ್ಲಿಸಿದ. ಮನೆ ಒಮ್ಮೆಲೆ ಕಿವುಡಾದಂತಾಯಿತು. ಆ ಮೌನದೊಳಗೆ ಲ್ಯಾಪ್‌ಟಾಪಿನಿಂದ ಸಪ್ಪಳ ಎದ್ದಿತು. ಮಗ್ಗದ ಖಟಾಖಟಿ. ಅದರ ಮೇಲೆ ಟೈಪಿಂಗಿನ ಚಿಟಿಚಿಟಿ. ನಡುವೆ ಒಂದು ಕೆಮ್ಮು.

ವೈಶಾಲಿಯದೇ ಕೆಮ್ಮು.

ಈ ಮನೆಯ ಮತ್ತೆಷ್ಟು ಮಾತು, ಮತ್ತೆಷ್ಟು ಜಗಳ, ಗಂಡನ ಜೊತೆಗಿನ ಮತ್ತೆಷ್ಟು ಪಿಸುಮಾತು ಆ ಡಬ್ಬಿಯೊಳಗೆ ಕೂತಿದೆ?

"ನಾ ಅಲ್ರೀ," ಎಂದಳು. ಅದು ಅವಳಿಗೇ ಕೇಳಿಸಲಿಲ್ಲ.

"ಇನ್ನೊಮ್ಮೆ ಹಚ್ಚರಿ," ಎಂದಳು ಸರಿತಾ.

ಮತ್ತೆ ಖಟಾಖಟಿ. ಮತ್ತೆ ಕೆಮ್ಮು.

"ತಾರೀಖು ಖರೆ ಐತೇನು?"

"ಖರೆ ಮೇಡಂ. ಕಂಪ್ಯೂಟರ್ ಯಾಕ ಸುಳ್ಳು ಹೇಳತೈತಿ?"

ಸರಿತಾ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. "ಗುರುಬಸವ್ವಾರ, ಇಪ್ಪತ್ಮೂರಕ್ಕ ನಿಮ್ಮ ಮನ್ಯಾಗ ಏನಿತ್ತು?"

"ತಾರೀಖು ನನಗ್ಯಾಕ ತಿಳೀತಾವ ಯವ್ವಾ?"

"ಖಂಡೇನವಮಿ. ಆಯುಧ ಪೂಜಿ."

ಗುರುಬಸವ್ವನ ಬಾಯಿ ತೆರೆದೇ ಉಳಿಯಿತು. ಆಮೇಲೆ ಅವಳು ಯುವರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವತ್ತ ಬನಹಟ್ಟ್ಯಾಗ ಯಾರ ಮನಿ ಮಗ್ಗ ತಿರಗತೈತೋ ತಮ್ಮಾ? ಲಾಳಿ ಸೈತ ಪೂಜಾಕ್ಕ ಕುಂತಿತ್ತು. ಈ ಲ್ಯಾಪ್‌ಟಾಪ್ ಡಬ್ಬೀನೂ ಕುಂತಿತ್ತು. ನೂಲು ಸುತ್ತಿ, ವಿಭೂತಿ ಹಚ್ಚಿದಾಕಿ ನಾನ. ಮರುದಿನ ಬನ್ನಿ ಕೊಟ್ಟ ಮ್ಯಾಲಽ ಬಿಚ್ಚಿದ್ದು."

ಯುವರಾಜ ನಕ್ಕ. ನಗು ಅರ್ಧಕ್ಕೇ ನಿಂತಿತು.

"ನಿಮ್ಮ ಕಂಪನಿ ಪುಣೆದು. ಅವತ್ತು ನಿಮಗ ಕೆಲಸ ಇತ್ತು," ಸರಿತಾ ಹೇಳಿದಳು. "ಈ ಊರಾಗ ಕೆಲಸ ಇರಲಿಲ್ಲ. ವೈಶಾಲಿ ಸೀಟು ಖಾಲಿ ಐತಿ ಅಂತ ನಿಮ್ಮ ಪರದೆ ಮ್ಯಾಲ ಕಾಣಿಸ್ತು. ಆಕಿ ಹೆಸರಿನ್ಯಾಗ ಹೊಕ್ಕಿರಿ, ಫೈಲ್ ತೆಗೆದಿರಿ. ಯಾವ ಲ್ಯಾಪ್‌ಟಾಪ್ ಅಂತ ದಾಖಲೆ ಬರಿಯೂ ಕೈನೂ ನಿಮ್ಮದಽ. ನಿನ್ನೆ ಠಾಣೆಯಿಂದ ಫೋನ್ ಬಂದ ಕೂಡಲೇ ಹೆದರಿದಿರಿ. ಹಳೇ ರೆಕಾರ್ಡಿಂಗ್ ಒಂದಕ್ಕ ಆ ತಾರೀಖು ಬರದು ಇದರೊಳಗ ಇಟ್ಟಿರಿ. ವೈಶಾಲಿ, ಇವತ್ತ ಮುಂಜಾನೆ ಏನಾರ ಆತೇನು?"

"ಬಾಣ," ವೈಶಾಲಿಗೆ ಈಗ ದನಿ ಬಂತು. "ತಾನಽ ಓಡ್ಯಾಡತಿತ್ತು ರೀ."

"ಕದಿಯಾಕಲ್ಲ. ಈ ರೆಕಾರ್ಡಿಂಗ್ ಇಡಾಕ," ಎಂದಳು ಸರಿತಾ.

"ಪಾಸ್‌ವರ್ಡ್ ಇಡೀ ಓಣಿಗೆ ಗೊತ್ತೈತಿ ಮೇಡಂ!" ಯುವರಾಜ ಒದರಿದ. ಮಗ್ಗ ನಿಂತದ್ದು ಮರೆತಿದ್ದ.

"ಖರೆ. ಯಾರು ಕೇಳಿಸಿಕೊಂಡ್ರು ಅಂತ ನಾನೂ ಮುಂಜಾನಿಂದ ಹುಡುಕಾಕತ್ತಿದ್ದೆ. ಆಕಿ ಒದರಿ ಹೇಳಿದ್ದು ಯಾರಿಗೆ ಅನ್ನೂದು ಬಿಟ್ಟಿದ್ದೆ. ಬ್ಯಾಗ್ ಕೊಡ್ರಿ."

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಯಲ್ಲಾಲಿಂಗ ನಿಂತಿದ್ದ. ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿದ ಎರಡನೇ ಮೊಬೈಲಿತ್ತು. ಸರಿತಾ ಅದನ್ನು ಚಾಲು ಮಾಡಿದಳು. ಸಾವಕ್ಕ ತನ್ನ ಫೋನಿನಲ್ಲಿ ನಿನ್ನೆ ಫೋನು ಬಂದ ನಂಬರು ಒತ್ತಿದಳು.

ಅದು ಸರಿತಾಳ ಅಂಗೈಯಲ್ಲಿ ಬಡಿದುಕೊಂಡಿತು.

* * *

ಸಂಜೆ ಮುಧೋಳದಿಂದ ಕಾರು ಬಂತು. ಮ್ಯಾನೇಜರ್ ಜ್ಞಾನೇಶ್ವರ, ವೈಶಾಲಿ ಕೊಟ್ಟ ಚಹಾವನ್ನು ಮುಟ್ಟದೆ ಕುಳಿತ.

"ಬಹಳ ಅನ್ಯಾಯ ಆತು ನಿಮಗ. ಅಂವಗ ಶಿಕ್ಷೆ ಆಗಲಿ. ಆದ್ರ ನಾಳೆ ಠಾಣ್ಯಾಗ ಹೇಳಿಕೆ ಕೊಡುವಾಗ ಒಂದು ಮಾತು. ಪಾಸ್‌ವರ್ಡ್ ಹೊರಗ ಹೋತು, ತಪ್ಪು ನಮ್ಮ ಮನಿಯೊಳಗಽ ಆತು ಅನ್ರಿ. ಅಂವ ಎಲ್ಲಾರ ಲ್ಯಾಪ್‌ಟಾಪಿಗೂ ದೂರದಿಂದ ನಡೆಸೂ ಸಾಫ್ಟ್‌ವೇರ್ ಹಾಕ್ಯಾನ ಅಂತ ದವಾಖಾನಿಗೆ ಗೊತ್ತಾದ್ರ ಕಂಪನಿ ಮುಚ್ಚತೈತಿ. ನಿಮ್ಮಂಥವರು ಎಷ್ಟೋ ಮಂದಿ ಮನ್ಯಾಗ ಕೂತು ಉಣ್ಣಾಕತ್ತಾರ."

ಎಲ್ಲಾರ ಲ್ಯಾಪ್‌ಟಾಪಿಗೂ. ಜಮಖಂಡಿಯಲ್ಲಿ, ಬೀಳಗಿಯಲ್ಲಿ, ಯಾವುದೋ ಅಡುಗೆಮನೆಯಲ್ಲಿ ಈ ಹೊತ್ತಿಗೂ ಒಂದು ಹಸಿರು ದೀಪ ಉರಿಯುತ್ತಿರಬಹುದು. ವೈಶಾಲಿ ಅವನ ಕಡೆ ತಿರುಗಿದಳು.

"ಇನ್ನೂ ಯಾರಿಗೆ ಫೋನ್ ಹೋಗ್ಯಾವ ರೀ?"

ಜ್ಞಾನೇಶ್ವರ ಚಹಾದ ಕೆನೆ ನೋಡುತ್ತ ಕೂತ. "ಅದು ನಿಮಗ್ಯಾಕ? ನಿಮಗ ಯುವರಾಜನ ಕುರ್ಚಿ ಕೊಡತೇವಿ. ಎಸಿ ರೂಮು. ಯಾರ ಮನ್ಯಾಗ ಯಾವ ಲ್ಯಾಪ್‌ಟಾಪ್ ಏನ ಮಾಡಾಕತ್ತೈತಿ, ಅಲ್ಲಿಂದ ಎಲ್ಲಾ ಕಾಣಸತೈತಿ."

ಎದುರುಮನೆಯ ಕಟ್ಟೆಯ ಮೇಲೆ ಸಾವಕ್ಕ ಅಕ್ಕಿ ಹಸನು ಮಾಡುವ ನೆಪದಲ್ಲಿ ಇತ್ತಲೇ ನೋಡುತ್ತಿದ್ದಳು. ಯಲ್ಲಾಲಿಂಗ ಮಗ್ಗ ಚಾಲು ಮಾಡಿದ. ಮನೆ ತುಂಬ ಖಟಾಖಟಿ.

ಆ ಸಪ್ಪಳದ ಮೇಲೆ, ಓಣಿಗೆಲ್ಲ ಕೇಳುವಂತೆ, ವೈಶಾಲಿ ಒದರಿದಳು.

"ಒಲ್ಲೆ!"