ಹಗೇವಿನಲ್ಲಿ ಮಲಗಿಸಿದ ಬಾಟಲಿ

೧೯೩೭ನೆಯ ಇಸವಿ ನವೆಂಬರ್ ೧೮, ಗುರುವಾರ. ಬೆಳಿಗ್ಗೆ ಎಂಟೂವರೆಗೆ ಶಿಗ್ಗಾವಿ ಠಾಣೆಯ ಕಟ್ಟೆ ಹತ್ತಿ ಬಂದ ಹೆಂಗಸೊಬ್ಬಳು ಹವಾಲ್ದಾರ ನಿಯಾಜನ ಮೇಜಿನ ಮೇಲೆ ರಕ್ತ ಮೆತ್ತಿದ ಟವೆಲ್ಲು ಇಟ್ಟಳು. ಹೆಸರು ಜನ್ನತಬಿ, ಊರು ಸವಣೂರು.

"ಸವಣೂರು ಸಂಸ್ಥಾನದ ಪೈಕಿ. ಅಲ್ಲೇ ಠಾಣೆ ಐತಿ, ಅಲ್ಲಿ ಹೋಗು," ಎಂದ ನಿಯಾಜ.

"ನಾಲಿಗಿ ಸುಟ್ಟದ್ದು ನಿಮ್ಮೂರಾಗ. ನಾ ಯಾಕ ಅಲ್ಲಿ ಹೋಗ್ಲಿ?"

ಅವಳ ಗಂಡ ಗೌಸಸಾಬ ಮುಂಬೈ ಹೋಟೆಲುಗಳಲ್ಲಿ, ಹಡಗುಗಳಲ್ಲಿ ಇಪ್ಪತ್ತು ವರ್ಷ ಬಟ್ಲರನಾಗಿದ್ದು ಊರಿಗೆ ಮರಳಿದವನು. ಹುಬ್ಬಳ್ಳಿಯ ದಾರಾಶಾ ಶೇಟ ಪುಣೆ-ಬೆಂಗಳೂರು ರಸ್ತೆಯ ಮೇಲೆ ಮೋಟಾರಿನ ಸಾಹೇಬರಿಗಾಗಿ ಊಟದ ಹೋಟೆಲ್ ತೆರೆಯುತ್ತಿದ್ದ. ಅಲ್ಲಿ ಯಾವ ಯಾವ ದೇಶದ ವೈನು ಇಡಬೇಕೆಂದು ರುಚಿ ನೋಡಿ ಆರಿಸಿಕೊಡಲು ಗೌಸಸಾಬ ಬುಧವಾರ ಶಿಗ್ಗಾವಿಗೆ ಬಂದಿದ್ದ. ಸಂಜೆ ಚಕ್ಕಡಿಯಲ್ಲಿ ಮನೆಗೆ ಮರಳುವಾಗ ಅವನ ಬಾಯಿಂದ ರಕ್ತ ಸೋರುತ್ತಿತ್ತು.

"ಕುಡದಿದ್ನೇನು?"

"ಇಪ್ಪತ್ತು ವರ್ಷ ಅದನ್ನ ನಾಲಿಗೀ ಮ್ಯಾಲ ಇಟ್ಕೊಂಡಾರ, ಗಂಟಲದಾಗ ಒಂದ ಹನಿ ಇಳಿಸಿಲ್ಲ. ನೀವು ನಂಬೂದಿಲ್ಲ, ಗೊತ್ತೈತಿ. ನಮ್ಮ ಓಣಿಯವರೂ ನಂಬಿಲ್ಲ. ಖುದಾ ಸುಟ್ಟಾನ ಅಂತಾರ. ಖುದಾ ಸುಟ್ಟಿದ್ರ ನಾ ಇಲ್ಲಿಗ್ಯಾಕ ಬರ್ತಿದ್ದೆ?"

ಒಳಗಿನಿಂದ ಫೌಜದಾರ ಫಕ್ಕೀರಪ್ಪ ಹೊರಗೆ ಬಂದ. ಹುಬ್ಬಳ್ಳಿಯ ರಾತ್ರಿ ಶಾಲೆಯಲ್ಲಿ ಕಲಿತು ಪ್ಯಾದೆಯಿಂದ ಮೇಲೆ ಬಂದವನು. ಬರೆದದ್ದನ್ನು ಎರಡು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಕುಡುಕರ ಜಗಳಕ್ಕೆ ಸಣ್ಣ ಕಲಮು ಸಾಕೆಂದು ನಿಯಾಜ ಗೊಣಗಿದ. ಫಕ್ಕೀರಪ್ಪ ಕಾಯಿದೆ ಪುಸ್ತಕ ತೆಗೆದು ಓದಿದ, ಮತ್ತೊಮ್ಮೆ ಓದಿದ. ಕೈ ಹೋದರೆ ಮಾತ್ರ ಅಂಗ ಹೋದಂತೆಯೋ, ನಾಲಿಗೆ ಹೋದರೂ ಹೌದೋ? ರುಚಿ ನೋಡಿ ಅನ್ನ ಗಳಿಸುವವನಿಗೆ ನಾಲಿಗೆಯೇ ಕೈಯಲ್ಲವೇ? ಕೊನೆಗೆ ಕಲಂ ೩೨೬ರ ಕೆಳಗೆ, ಸುಡುವ ವಸ್ತುವಿನಿಂದ ಭಾರಿ ಗಾಯ ಎಂದು ಎಫ್‌ಐಆರ್ ಬರೆದ. ಬರೆದ ಮೇಲೂ ಅನುಮಾನ ಹೋಗಲಿಲ್ಲ.

ಹತ್ತೂವರೆಗೆ ಹೋಟೆಲಿಗೆ ಹೋದಾಗ ದಾರಾಶಾ ಶೇಟ ಬಾಗಿಲಲ್ಲೇ ತಡೆದ.

"ರವಿವಾರ ದೊಡ್ಡ ಸಾಹೇಬರು ಊಟಕ್ಕ ಬರ್ತಾರ. ಅವರಿಗೇ ಹೇಳ್ಲೇನು, ನಿಮ್ಮ ಫೌಜದಾರ ನಮ್ಮ ಬಾಟ್ಲಿ ಎಣಿಸಾಕ ಬಂದಿದ್ದ ಅಂತ?"

"ಹೇಳ್ರಿ. ಈಗ ಸರೀರಿ."

ಪಂಚನಾಮೆಗೆ ಪಂಚರು ಸಿಗುವುದೇ ಕಷ್ಟವಾಯಿತು. ಕಿರಾಣಿ ಅಂಗಡಿಯ ಇಬ್ಬರನ್ನು ನಿಯಾಜ ಹೆಚ್ಚುಕಡಿಮೆ ಎಳೆದೇ ತಂದ. ಅವರು ಹೊಸ್ತಿಲು ದಾಟಲಿಲ್ಲ.

"ಸೆರೆ ಬಾಟ್ಲಿ ಮುಟ್ಟಿದ್ರ ಮನ್ಯಾಗ ಗಡಿಗಿ ಮುಟ್ಟಾಕ ಬಿಡೂದಿಲ್ರಿ. ಇಲ್ಲಿಂದನ ನೋಡ್ತೇವಿ, ಮೂಗು ಮುಚ್ಚಿಕೊಂಡು."

"ಕಣ್ಣು ತಗದಿರ್‍ರಿ, ಅಷ್ಟು ಸಾಕು," ಎಂದ ಫಕ್ಕೀರಪ್ಪ.

ಗೋಡೆಗೆ ಆರು ಬಾಟಲಿ ಒರಗಿ ನಿಂತಿದ್ದವು. ಮೇಜಿನ ಮೇಲೆ ಗಾಜಿನ ಲೋಟಗಳು, ಕಡಿದಿಟ್ಟ ಖಡಕ್ ಜೋಳದ ರೊಟ್ಟಿ. ಹಳೆಯ ಮನೆಯ ನೆಲದೊಳಗಿನ ಕಾಳಿನ ಹಗೇವನ್ನು ಅಗಲ ಮಾಡಿ, ಮೆಟ್ಟಿಲು ಕಟ್ಟಿಸಿ, ಶೇಟ ಅದನ್ನೇ ವೈನಿನ ಕೋಣೆ ಮಾಡಿದ್ದ. ಕೆಳಗೆ ತಂಪು, ಕತ್ತಲು. ಕಂದೀಲು ಹಿಡಿದು ಇಳಿದರೆ ಉಸುಕಿನಲ್ಲಿ ಒಂಬತ್ತು ಬಾಟಲಿ ಸಾಲಾಗಿ ಮಲಗಿದ್ದವು. ಫ್ರಾನ್ಸಿನ ಕೆಂಪು, ಪೋರ್ತುಗಾಲದ ಪೋರ್ಟು, ಸ್ಪೇನಿನ ಶೆರಿ, ಜರ್ಮನಿಯ ಬಿಳಿ, ಹಂಗೇರಿ, ಇಟಲಿ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕೇಪು. ಒಂಬತ್ತನೆಯದಕ್ಕೆ ಚೀಟಿ ಇರಲಿಲ್ಲ. ಕೊರಳಿಗೆ ಬಾಳೆನಾರು ಸುತ್ತಿತ್ತು.

"ಇದು ಯಾವ ದೇಶದ್ದು?"

"ನಮ್ಮದಲ್ಲ. ಎಲ್ಲೋ ಬಿದ್ದಿರಬೇಕು."

"ಬಿದ್ದದ್ದು ಹಿಂಗ ಸಾಲು ಹಿಡಿದು ಮಲಗತೈತೇನ್ರಿ? ನಿನ್ನೆ ಇಲ್ಲಿ ಯಾರ್‍ಯಾರಿದ್ರಿ?"

"ನಾನು, ಗೌಸಸಾಬ. ಮೋಟಾರ್ ಕೆಟ್ಟು ನಿಂತ ಇಬ್ಬರು ಸಾಹೇಬರು. ಅವರು ಬೆಂಗಳೂರಿಗೆ ಹೋದ್ರು."

"ಮತ್ಯಾರು?"

"ಯಾರೂ ಇಲ್ಲ."

ಮೇಲೆ ಒಂದು ಹಿತ್ತಾಳೆಯ ಪೀಕದಾನಿ ಇತ್ತು. ಅದರೊಳಗೆ ಕೆಂಪು ನೀರು, ಉಗುಳು. ಪಂಚರು ಮುಖ ತಿರುಗಿಸಿದರು. ನಿಯಾಜ ಇದು ಪೊಲೀಸ್ ಕೆಲಸವಲ್ಲ ಎಂದ. ಫಕ್ಕೀರಪ್ಪ ಇಕ್ಕಳ ತರಿಸಿ, ಅರೆಬರೆ ಅಗಿದ ವೀಳ್ಯದೆಲೆಯ ಉಂಡೆಯೊಂದನ್ನು ತಾನೇ ಹೊರಗೆ ತೆಗೆದ. ಲವಂಗ ಇನ್ನೂ ಚುಚ್ಚಿಕೊಂಡಿತ್ತು. ಎಲೆಯ ಮಡಿಕೆಯಲ್ಲಿ ಅಂಟಿದ್ದ ಸುಣ್ಣದ ಬಣ್ಣ ಬಿಳಿಯಲ್ಲ, ನೀಲಿ. ಗಾಜಿನ ಭರಣಿಗೆ ಹಾಕಿ, ಅರಗಿನ ಮೊಹರು ಒತ್ತಿ, ಪಂಚರ ಸಹಿ ತೆಗೆದುಕೊಂಡ.

ಶುಕ್ರವಾರ ಭರಣಿಯೊಂದಿಗೆ ಹಾನಗಲ್ಲಿಗೆ ಹೋದ. ಅಲ್ಲಿಯ ಡಾಕ್ಟರರು ನೋಡಿ, ಮೈಲುತುತ್ತದ ಪುಡಿ, ಜೊತೆಗೆ ನೀರು ಕಾಣದ ಸುಟ್ಟ ಸುಣ್ಣ ಎಂದರು. ಒದ್ದೆ ಬಾಯಲ್ಲಿ ಅದು ಕೆಂಡ.

"ಇದು ಯಾರ ಹತ್ರ ಇರ್ತೈತ್ರಿ?"

"ಎಲೆಬಳ್ಳಿ, ದ್ರಾಕ್ಷಿಬಳ್ಳಿ ಇದ್ದವರ ಹತ್ರ. ಬಳ್ಳಿಗೆ ರೋಗ ಬೀಳಬಾರದಂತ ಎರಡನ್ನೂ ನೀರಾಗ ಕಲಿಸಿ ಹೊಡೀತಾರ."

ದಾರಿಯಲ್ಲಿ ನಿಯಾಜ ಸುಮ್ಮನಿರಲಿಲ್ಲ. "ಸವಣೂರಾಗ ಎಲಿ ತ್ವಾಟದವರು ಓಣಿಗೆ ಹತ್ತು ಮಂದಿ. ಎಲ್ಲಾರ್‍ನೂ ಹಿಡ್ಯೂಣೇನ್ರಿ ಸಾಹೇಬ್ರ? ಠಾಣೆ ಸಾಲೂದಿಲ್ಲ."

ಆದರೆ ಸುಟ್ಟ ಸುಣ್ಣ ಎಂದಾಗ ಫಕ್ಕೀರಪ್ಪನಿಗೆ ನೆನಪಾದದ್ದು ತೋಟವಲ್ಲ, ಹೋಟೆಲಿನ ಹಿತ್ತಲು. ಗೋಡೆಗೆ ಬಳಿಯಲು ತಂದ ಸುಣ್ಣದ ರಾಶಿಯನ್ನು ಹಿಂದಿನ ದಿನ ಅವನು ಅಲ್ಲಿ ಕಂಡಿದ್ದ.

ಮರಳಿ ಹೋಗಿ ನೋಡಿದರೆ ಅಲ್ಲಿ ಸುಣ್ಣ ಬಳಿಯುತ್ತಿದ್ದವಳು ಕೂಲಿಯ ಹೊಳೆವ್ವ. ಫೌಜದಾರನನ್ನು ಕಂಡರೂ ಕೈಯ ಕುಂಚ ನಿಲ್ಲಿಸಲಿಲ್ಲ.

"ನಿಮ್ಮ ಮುಂದ ಬಾಯಿ ಬಿಟ್ರ ನಾಳೆ ನನಗ ಕೂಲಿ ಕೊಡೋರ್‍ಯಾರು? ನೀವು ಕೊಡ್ತೀರೇನು?"

"ಇಲ್ಲ. ಸುಳ್ಳ್ಯಾಕ ಹೇಳ್ಲಿ."

ಆ ಉತ್ತರ ಅವಳು ನಿರೀಕ್ಷಿಸಿರಲಿಲ್ಲ. ಕುಂಚ ಗಡಿಗೆಯಲ್ಲಿ ಇಟ್ಟಳು.

"ಮಾಸೂರ ಕರಬಸಪ್ಪನವರು ಬಂದಿದ್ರು. ನನ್ನ ರಾಶಿಯಾಗಿಂದ ಒಂದು ಹಳ್ಳು ಸುಣ್ಣ ಆರಿಸ್ಕೊಂಡ್ರು. ಒಣ ಸುಣ್ಣ ಎಲಿಗೆ ಹಚ್ತಾರೇನ್ರಿ ಶಾಣ್ಯಾರು ಅಂತ ನಾ ನಕ್ಕೆ. ಅವರು ನಗಲಿಲ್ಲ. ಎಲಿ ಮಡಿಚಿ ಲವಂಗ ಚುಚ್ಚಿ ಗೌಸಸಾಬಗ ಕೊಟ್ರು."

"ಅವರ್‍ಯಾಕ ಬಂದಿದ್ರು?"

"ಒಂದು ಬಾಟ್ಲಿ ತಂದಿದ್ರು. ಆಗ ರುಚಿ ನೋಡೂದು ಮುಗಿಯಾಕ ಬಂದಿತ್ತು. ಗೌಸಸಾಬ ಬಾಯಾಗ ಹಾಕ್ಕೊಂಡ, ಉಗುಳಿದ. ಶೇಟ, ತಾಮ್ರದ ಹಂಡೆ ಬೆಳಗಾಕ ಚೊಲೋ ಆದೀತು ಅಂದ. ಸಾಹೇಬರು ಹೊಟ್ಟಿ ಹಿಡ್ಕೊಂಡು ನಕ್ರು."

ಮತ್ತೆ ಕೇಳಿದಾಗ ಶೇಟ ಬೆವರಿದ. ಅದು ಕರಬಸಪ್ಪ ಪರವಾನಗಿ ಇಲ್ಲದೆ ತೋಟದಲ್ಲೇ ಹುದುಗಿಸಿದ ದ್ರಾಕ್ಷಿ ರಸ; ಅಬಕಾರಿಯವರಿಗೆ ಗೊತ್ತಾದರೆ ಹೋಟೆಲಿಗೆ ಬೀಗ ಬೀಳುತ್ತದೆಂದು ಬಾಯಿ ಮುಚ್ಚಿಕೊಂಡಿದ್ದ.

ಅದೇ ಸಂಜೆ ಸವಣೂರು ಠಾಣೆಗೆ ತಿಳಿಸಿ ಫಕ್ಕೀರಪ್ಪ ಗೌಸಸಾಬನ ಮನೆಗೆ ಹೋದ. ಚಿತ್ರದಲ್ಲಿನ ನವಾಬನ ಹಾಗೆ ಮೀಸೆ ತಿದ್ದಿದ್ದ ಆ ಮನುಷ್ಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಕಡೆ ಮುಖ ಮಾಡಿದ್ದ. ಫೌಜದಾರ ಬಂದರೂ ತಿರುಗಲಿಲ್ಲ. ಚೀಟಿ ಇಲ್ಲದ ಬಾಟಲಿಯ ಮಾತೆತ್ತಿದಾಗ ಮಾತ್ರ ತಿರುಗಿದ. ಅಂಗೈಯನ್ನು ಅಡ್ಡ ಮಾಡಿ ಚಾಪೆಯ ಮೇಲೆ ಇಟ್ಟ, ಎರಡು ಬೆರಳು ತೋರಿಸಿದ.

"ಬೇಕಾದ್ದನ್ನ ಮಲಗಸ್ತಾರ, ಬ್ಯಾಡಾದ್ದನ್ನ ನಿಂದರಸ್ತಾರ," ಎಂದಳು ಜನ್ನತಬಿ. "ಎರಡು ವರ್ಷ ಮಲಗಿದ್ರ ಹುಳಿ ಇಳದು ಚೊಲೋ ಆಗತೈತಿ ಅಂತ ಅದನ್ನೂ ಆರಿಸಿದ್ರಂತ. ಸಾಹೇಬರು ಹೋದ ಮ್ಯಾಲ ಹೇಳೂದಿತ್ತಂತ. ಅಷ್ಟರಾಗ ಎಲಿ ಬಂತು. ಹಿಂಗಂತ ಬೆರಳಲೆ ಹೇಳಾಕ ಒಂದು ತಾಸು ಹಿಡೀತು ಅವರಿಗೆ. ಬರಕೊಳ್ರಿ ಅದನ್ನೂ."

ಶನಿವಾರ, ನವೆಂಬರ್ ೨೦. ಮಧ್ಯಾಹ್ನ ಮಾಸೂರಿನ ಮದಗದ ಕೆರೆಯ ನೀರು ಹರಿಯುವ ತೋಟದಲ್ಲಿ ಕರಬಸಪ್ಪ ದ್ರಾಕ್ಷಿ ಬಳ್ಳಿ ಕತ್ತರಿಸುತ್ತಿದ್ದ. ಐವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ. ಸುತ್ತ ನೆರೆದ ಆಳುಗಳು ಪೊಲೀಸರಿಗೆ ದಾರಿ ಬಿಡಲಿಲ್ಲ. ಅವನೇ ಕೈ ಮಾಡಿ ಸರಿಸಿದ. ಮನೆಯ ಮೂಲೆಮೂಲೆ ಹುಡುಕಿ ಝಡತಿ ಮಾಡಿದಾಗ, ಬುಧವಾರ ಶಿಗ್ಗಾವಿ ಸಂತೆಯಲ್ಲಿ ಕೊಂಡ ಮೈಲುತುತ್ತದ ಪೊಟ್ಟಣ ಸಿಕ್ಕಿತು. ಮೂಲೆ ಒಡೆದಿತ್ತು.

"ಇದರಾಗಿನ ಪುಡಿ ಎಲಿಯೊಳಗ ಹಾಕಿದ್ರಿ?"

"ಹಾಕಿದೆ."

"ಕೊಲ್ಲಬೇಕಂತಿತ್ತೇನು?"

"ಇಲ್ಲ. ನಾಲಿಗಿ ಸುಡಬೇಕಂತಿತ್ತು."

"ನಿಮ್ಮ ರಸದ ರುಚಿ ನೀವು ನೋಡೀರೇನು?"

ಕರಬಸಪ್ಪ ಎದೆಯ ಮೇಲಿನ ಕರಡಿಗೆ ಮುಟ್ಟಿಕೊಂಡ. "ಕೊರಳಾಗ ಲಿಂಗ ಐತ್ರಿ. ಒಂದ ಹನಿ ಮುಟ್ಟಿಲ್ಲ."

"ಮತ್ತ ಚೊಲೋ ಆಗೇತಿ ಅಂತ ಹೆಂಗ ತಿಳೀತು?"

"ಆಳುಗಳು ಅಂದ್ರು." ಅವನು ಬಳ್ಳಿಯ ಸಾಲಿನತ್ತ ನೋಡಿದ. "ಆರು ವರ್ಷ ಅವರ ನಾಲಿಗಿ ನಂಬಿದೆ. ಪುಕ್ಕಟೆ ಕುಡಿಯೋರು ಚೊಲೋ ಇಲ್ಲ ಅಂತಾರೇನು? ಅದು ನನಗೂ ಗೊತ್ತಿತ್ರಿ. ಅದಕ್ಕ ಅವನ ಹತ್ರ ಹೋದೆ. ಫ್ರಾನ್ಸಿನ ಸಾಲಿನಾಗ ಮಾಸೂರಂತ ಒಂದು ಹೆಸರು ಬರಲಿ ಅಂತ. ಅಂವ ಉಗುಳಿದ. ಕೈಯಾರೆ ಕೊಟ್ಟದ್ದನ್ನ ನಾಯಿನೂ ಹಂಗ ಉಗುಳೂದಿಲ್ಲ. ಆ ಮ್ಯಾಲ ಬಾಟ್ಲಿ ತಗೊಂಡು ಕೆಳಗ ಹೋದ, ಚೆಲ್ಲಾಕ."

ನಿಯಾಜ ಬೇಡಿ ಹಾಕಿದ. ಹಿರೇಕೆರೂರಿನ ರಸ್ತೆಯವರೆಗೂ ಫಕ್ಕೀರಪ್ಪ ಯೋಚಿಸುತ್ತಲೇ ನಡೆದ. ಹೇಳಬೇಕೋ, ಬೇಡವೋ? ಹೇಳಿದರೆ ಶಿಕ್ಷೆಯ ಮೇಲೆ ಶಿಕ್ಷೆ. ಹೇಳದಿದ್ದರೆ ತಾನೂ ಶೇಟನ ಹಾಗೆ ಬಾಯಿ ಮುಚ್ಚಿಕೊಂಡವನೇ. ಕೊನೆಗೆ ಹೇಳಿದ.

"ಅಂವ ಎಲ್ಲಾನೂ ಉಗುಳತಾನ. ಫ್ರಾನ್ಸಿನದನ್ನೂ ಉಗುಳಿದ. ನೀವು ಆಮ್ಯಾಲ ಬಂದ್ರಿ, ನೋಡ್ಲಿಲ್ಲ. ನಿಮ್ಮದನ್ನ ಹಗೇವಿನಾಗ ಮಲಗಿಸಿಟ್ಟಾನ. ಆರಿಸಿದ್ದು ಅಂತ ಅದರರ್ಥ."

ಕರಬಸಪ್ಪ ನಡೆಯುತ್ತಿದ್ದವನು ನಿಂತ. "ಹುಳಿ ಇತ್ತಂತೇನ್ರಿ?" ಎಂದು ಕೇಳಿದ.

"ಇತ್ತಂತ. ಎರಡು ವರ್ಷದಾಗ ಹೋಗತಿತ್ತಂತ."



ಧಾರವಾಡದ ಕೋರ್ಟಿನಲ್ಲಿ ಕರಬಸಪ್ಪನಿಗೆ ನಾಲ್ಕು ವರ್ಷ ಸಖ್ತ ಸಜೆಯಾಯಿತು. ತೀರ್ಪಿನ ದಿನ ಜನ್ನತಬಿ ಹೊರಗೆ ನಿಂತಿದ್ದಳು. "ನ್ಯಾಯ ಆತೇನವಾ?" ಎಂದು ಫಕ್ಕೀರಪ್ಪ ಕೇಳಿದ್ದಕ್ಕೆ, "ಮನಿಗೆ ಬರ್‍ರಿ, ಉಪ್ಪಿಲ್ಲದ ಸಾರು ಬಡಸ್ತೇನಿ. ಅವರಿಗೆ ಫರಕ ತಿಳಿಯೂದಿಲ್ಲ, ನೀವು ಹೇಳ್ರಿ," ಎಂದು ಹೋಗಿಬಿಟ್ಟಳು.

ಮೊಕದ್ದಮೆ, ಅಪೀಲು ಎಲ್ಲ ಮುಗಿಯುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಜಪ್ತು ಮಾಡಿ ತಂದ ಚೀಟಿ ಇಲ್ಲದ ಬಾಟಲಿ ಠಾಣೆಯ ಮುದ್ದೇಮಾಲಿನ ಪೆಟ್ಟಿಗೆಯಲ್ಲೇ ಇತ್ತು. ಫಕ್ಕೀರಪ್ಪ ಅದನ್ನು ಮಲಗಿಸಿಯೇ ಇಟ್ಟಿದ್ದ. ನಾಶ ಮಾಡಬೇಕೆಂಬ ಹುಕುಮು ಬಂದ ದಿನ ಪಂಚರ ಎದುರು ಹಿತ್ತಲಲ್ಲಿ ಬಿರಡೆ ತೆಗೆದ. ಪಂಚರು ಮೂಗು ಮುಚ್ಚಿಕೊಂಡರು. ಅವನು ಮುಚ್ಚಿಕೊಳ್ಳಲಿಲ್ಲ. ಏನೋ ಒಂದು ವಾಸನೆ ಬಂತು. ಒಳ್ಳೆಯದೋ ಕೆಟ್ಟದ್ದೋ ಅವನಿಗೆ ತಿಳಿಯಲಿಲ್ಲ. ಹೇಳಬಲ್ಲ ನಾಲಿಗೆ ಆ ಸೀಮೆಯಲ್ಲಿ ಇದ್ದದ್ದು ಒಂದೇ. ಬಾಟಲಿ ಬೋರಲು ಮಾಡಿ, ಮಣ್ಣು ಹೀರಿಕೊಳ್ಳುವವರೆಗೆ ನಿಂತು, ಸಹಿ ಹಾಕಿದ.